ಕೋಟೆ, ಶಾಲೆ ಮತ್ತು ಹೂವಿನ ಮರ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಪಾರ್ವತಿನಗರದ ನಮ್ಮ ಮನೆಗೆ ಬಂದು ಕೇಳಿದಾಗ, ವಿಷಯಕ್ಕಾಗಿ ನಾನು ಹೆಚ್ಚು ತಡಕಾಡಬೇಕಾಗಲಿಲ್ಲ. ಏಳು ವರ್ಷದ ಬಾಲಕನೊಬ್ಬನು ನನಗೊಂದು ಪ್ರಶ್ನೆಯನ್ನು ಕೇಳಿದ್ದಾನೆ; ಅದಕ್ಕೆ ನಾನಿನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಮೂರು ದಶಕಗಳಿಗೂ ಮಿಕ್ಕಿ ತರಗತಿಯಲ್ಲಿ ನಿಂತು ಪ್ರಶ್ನೆ ಕೇಳಿದವನಿಗೆ, ಉತ್ತರ ಬಾರದೆ ನಿಲ್ಲುವುದು ಎಂಥ ಅನುಭವವೆಂಬುದು ಆಗ ತಿಳಿಯಿತು. ಆ ಪ್ರಶ್ನೆಯು ನನ್ನೊಬ್ಬನಿಗೆ ಮಾತ್ರ ಸಂಬಂಧಿಸಿದ್ದಲ್ಲವಾದುದರಿಂದ, ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿ ಮಹನೀಯರ ಮುಂದೆ ಅದನ್ನು ಇಡುತ್ತಿದ್ದೇನೆ.

ನನ್ನ ಮಗನು ಉದ್ಯೋಗ ನಿಮಿತ್ತ ಜಪಾನಿನ ನಗೋಯಾ ನಗರದಲ್ಲಿದ್ದಾನೆ. 2024ರಲ್ಲಿ ನಾನೂ ನನ್ನ ಪತ್ನಿಯೂ ಅಲ್ಲಿಗೆ ಹೋಗಿದ್ದೆವು. ಆ ವರ್ಷ ಯುಗಾದಿಯು ಏಪ್ರಿಲ್ 9ರಂದು ಬಂದಿತು. ಆ ಊರಿನಲ್ಲಿ ಬೇವಿನ ಹೂವು ದೊರೆಯುವ ಬಗೆಯೇ ಇರಲಿಲ್ಲ. ಬೆಲ್ಲವನ್ನಷ್ಟೇ ಹಂಚಿ ಹಬ್ಬ ಮಾಡಿದೆವು. ಕಹಿಯಿಲ್ಲದ ಯುಗಾದಿಯನ್ನು ನಾನು ಕಂಡದ್ದು ಅದೇ ಮೊದಲು. ಹಬ್ಬ ಕಳೆದ ವಾರದಲ್ಲಿ ಮಗನು ನಮ್ಮನ್ನು ಮತ್ಸುಮೊತೊ ಎಂಬ ಊರಿಗೆ ಕರೆದೊಯ್ದನು. ನಗೋಯಾದಿಂದ ರೈಲಿನಲ್ಲಿ ಎರಡು ತಾಸಿನ ಹಾದಿ; ಸುತ್ತಲೂ ಹಿಮ ಹೊದ್ದ ಪರ್ವತಗಳು; ನಡುವಿನ ಬಯಲಿನಲ್ಲಿ ಊರು; ಊರಿನ ನಡುವೆ ನೀರು ತುಂಬಿದ ಕಂದಕ; ಕಂದಕದ ಮಧ್ಯದಲ್ಲಿ ಕಪ್ಪು ಮರದ ಹಲಗೆಗಳ ಕೋಟೆ. ಹೊರಗಿನಿಂದ ಐದು ಸ್ತರಗಳಾಗಿ ಕಾಣುವ ಅದರ ಗೋಪುರಕ್ಕೆ ಒಳಗೆ ಆರು ಅಂತಸ್ತುಗಳಿವೆ. ಕಟ್ಟಿದ್ದು 16ನೆಯ ಶತಮಾನದ ಕೊನೆಯ ದಶಕದಲ್ಲಿ. ಕಂದಕದ ದಂಡೆಯುದ್ದಕ್ಕೂ ಸಕುರಾ ಎಂದು ಅವರು ಕರೆಯುವ ಚೆರಿ ಮರಗಳು ಎಲೆಯೊಂದೂ ಕಾಣದಂತೆ ಹೂಬಿಟ್ಟಿದ್ದವು. ಗಾಳಿ ಬೀಸಿದಾಗ ಎಸಳುಗಳು ಉದುರಿ ನೀರಿನ ಮೇಲೆ ತೇಲುತ್ತಿದ್ದವು. ಮುದುಕರು, ಮಕ್ಕಳು, ಕಚೇರಿ ಬಿಟ್ಟು ಬಂದ ನೌಕರರು, ಬುತ್ತಿ ಕಟ್ಟಿಕೊಂಡು ಬಂದ ಸಂಸಾರಗಳು ಮರಗಳ ಕೆಳಗೆ ಸುಮ್ಮನೆ ಕುಳಿತಿದ್ದರು. ಹೂವಿನ ಆ ಕೆಲವು ರಾತ್ರಿಗಳಲ್ಲಿ ಕೋಟೆಯ ಒಳ ಅಂಗಳವನ್ನು ಶುಲ್ಕವಿಲ್ಲದೆ ಎಲ್ಲರಿಗೂ ತೆರೆದಿಡುತ್ತಾರೆ.

ಆ ಸಂಜೆ, ಅಲ್ಲಿಯ ಶಾಲೆಗೆ ಹೋಗುತ್ತಿರುವ ನನ್ನ ಮೊಮ್ಮಗನು ನನ್ನ ಕೈ ಹಿಡಿದು ಕೇಳಿದನು: “ತಾತಾ, ನಿಮ್ಮೂರಲ್ಲಿಯೂ ಕೋಟೆ ಇದೆಯಂತಲ್ಲ, ಅಪ್ಪ ಹೇಳಿದರು. ಅಲ್ಲಿ ಈಗ ಯಾವ ಹೂವು ಬಿಟ್ಟಿದೆ?”

ನಾನು ಏನೋ ಒಂದು ಹೇಳಿ ಮಾತು ಮರೆಸಿದೆ. ಬಳ್ಳಾರಿಯ ಕೋಟೆಯ ನೆರಳಿನಲ್ಲಿಯೇ ಹುಟ್ಟಿ ಬೆಳೆದು ನಿವೃತ್ತನಾದ ನನಗೆ, ಏಪ್ರಿಲ್ ತಿಂಗಳಲ್ಲಿ ಅದರ ಬುಡದಲ್ಲಿ ಯಾವ ಮರ ಹೂಬಿಡುತ್ತದೆ ಎಂಬುದನ್ನು ಖಚಿತವಾಗಿ ಹೇಳಲಾಗಲಿಲ್ಲ. ನೋಡಿದ್ದರಲ್ಲವೆ ಹೇಳುವುದು!

ಜಪಾನಿಗೆ ಹೋಗಿ ಬಂದವರು ಬರೆಯುವ ಪ್ರವಾಸ ಕಥನಗಳಲ್ಲಿ ಹೂವಿನ ವರ್ಣನೆ ಯಥೇಚ್ಛವಾಗಿ ದೊರೆಯುತ್ತದೆ. ಅದನ್ನು ನಾನು ಬೆಳೆಸುವುದಿಲ್ಲ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು, ಆ ಕೋಟೆಯು ಇಂದಿಗೂ ಹೇಗೆ ನಿಂತಿದೆ ಎಂಬ ಸಂಗತಿ. ಕಾರಣ, ಅದನ್ನು ಉಳಿಸಿದವರಲ್ಲಿ ಒಬ್ಬರು ಶಾಲೆಯ ಮುಖ್ಯೋಪಾಧ್ಯಾಯರು.

1871ರಲ್ಲಿ ಜಪಾನಿನ ಹೊಸ ಸರಕಾರವು ಪಾಳೆಯಗಾರಿಕೆಯ ಸಂಸ್ಥಾನಗಳನ್ನು ರದ್ದುಪಡಿಸಿತು. ಎರಡು ವರ್ಷಗಳಲ್ಲಿ ಕೋಟೆಗಳನ್ನು ವಿಲೇವಾರಿ ಮಾಡುವ ಆಜ್ಞೆಯೂ ಹೊರಟಿತು. ನೂರಾರು ಕೋಟೆಗಳು ಸೌದೆಯಾಗಿ, ಕಬ್ಬಿಣವಾಗಿ, ಹೆಂಚುಗಳಾಗಿ ಮಾರಾಟವಾದವು. ಮೂಲ ಗೋಪುರವುಳ್ಳ ಕೋಟೆಗಳು ಆ ದೇಶದಲ್ಲಿ ಇಂದು 12 ಮಾತ್ರ ಉಳಿದಿವೆ. ಮತ್ಸುಮೊತೊ ಕೋಟೆಯ ಗೋಪುರವೂ 1872ರಲ್ಲಿ ಹರಾಜಾಯಿತು. ಕೊಂಡವರು ಕೆಡವಿ ಮರಮುಟ್ಟನ್ನು ಮಾರುವವರಿದ್ದರು. ಆಗ ಇಚಿಕಾವಾ ರಿಯೋಜೋ ಎಂಬ ಊರಿನ ಗೃಹಸ್ಥರು ಮುಂದೆ ಬಂದು, ಕೆಡವುವುದನ್ನು ಕೆಲಕಾಲ ತಡೆಯಬೇಕೆಂದು ಅಧಿಕಾರಿಗಳಿಗೆ ಅರ್ಜಿ ಹಾಕಿಕೊಂಡರು. 1873ರಿಂದ ಆರಂಭಿಸಿ ಕೋಟೆಯೊಳಗೇ ವಸ್ತುಪ್ರದರ್ಶನಗಳನ್ನು ಏರ್ಪಡಿಸಿದರು. ಪ್ರದರ್ಶನಗಳಿಂದ ಬಂದ ಹಣವನ್ನು ಕೂಡಿಸಿ ಗೋಪುರವನ್ನು ಮರಳಿ ಪಡೆದರು.

ಉಳಿಯಿತೆಂದ ಮಾತ್ರಕ್ಕೆ ಬಾಳಲಿಲ್ಲ. ಮುಂದಿನ ಮೂವತ್ತು ವರ್ಷಗಳಲ್ಲಿ ಗೋಪುರವು ಒಂದು ಕಡೆಗೆ ವಾಲಿತು, ಛಾವಣಿ ಸೋರಿತು. ಕೋಟೆಯ ಎರಡನೆಯ ಆವರಣದಲ್ಲಿಯೇ ಆಗ ಊರಿನ ಮಾಧ್ಯಮಿಕ ಶಾಲೆ ಇತ್ತು. ಅದರ ಮೊದಲ ಮುಖ್ಯೋಪಾಧ್ಯಾಯರು ಕೊಬಯಾಶಿ ಉನಾರಿ. ಅವರು ಆ ಊರಿನವರಲ್ಲ, ಬೇರೆ ಸೀಮೆಯಿಂದ ಬಂದವರು. ಪ್ರತಿದಿನ ಶಾಲೆಗೆ ಬರುವಾಗ ಹೋಗುವಾಗ ಆ ವಾಲುತ್ತಿರುವ ಗೋಪುರವು ಅವರ ಕಣ್ಣಿಗೆ ಬೀಳುತ್ತಿತ್ತು. ಅವರು ಸುಮ್ಮನಿರಲಾರದೆ 1901ರಲ್ಲಿ ಊರಿನ ಪ್ರಮುಖರೊಡನೆ ಸಂರಕ್ಷಣಾ ಸಂಘವೊಂದನ್ನು ಕಟ್ಟಿ ವಂತಿಗೆ ಎತ್ತಿದರು. 1903ರಲ್ಲಿ ದುರಸ್ತಿ ಆರಂಭವಾಗಿ 1913ರಲ್ಲಿ ಮುಗಿಯಿತು. ಮರುವರ್ಷವೇ, 1914ರಲ್ಲಿ, ಕೊಬಯಾಶಿಯವರು ತೀರಿಕೊಂಡರು. ಕೋಟೆಯ ಆವರಣದಲ್ಲಿ ಇಂದು ಇವರಿಬ್ಬರ ಮುಖಗಳನ್ನು ಕೆತ್ತಿಸಿ ನಿಲ್ಲಿಸಿದ್ದಾರೆ. ಕಟ್ಟಿಸಿದ ದೊರೆಯ ಜೊತೆಗೆ ಉಳಿಸಿದ ಗೃಹಸ್ಥನನ್ನೂ ಮೇಷ್ಟ್ರನ್ನೂ ನೆನೆಯುವ ಆ ಊರಿಗೆ ನಾನು ಮನಸಾರೆ ಕೈಮುಗಿದೆ.

ಗೋಪುರವು ವಾಲಿದ್ದಕ್ಕೆ ಜನರಲ್ಲಿ ಒಂದು ಕತೆಯಿದೆ. 1686ರಲ್ಲಿ ತೆರಿಗೆಯ ಭಾರ ತಾಳಲಾರದೆ ಆ ಸೀಮೆಯ ರೈತರು ದಂಗೆಯೆದ್ದರು. ಮುಂದಾಳಾದ ತಾದಾ ಕಾಸುಕೆ ಮತ್ತು ಸಂಗಡಿಗರು ಸೇರಿ 28 ಮಂದಿಗೆ ಮರಣದಂಡನೆಯಾಯಿತು. ಪ್ರಾಣ ಬಿಡುವ ಮುನ್ನ ಕಾಸುಕೆಯು ಕೋಟೆಯನ್ನು ದಿಟ್ಟಿಸಿ ನೋಡಿದನೆಂದೂ ಅವನ ಕಣ್ಣಿನ ಉರಿಗೆ ಗೋಪುರವು ವಾಲಿತೆಂದೂ ಹೇಳುತ್ತಾರೆ. ಗೋಪುರದ ಭಾರವನ್ನು ಹೊತ್ತ ಅಡಿಗಂಬಗಳು ಮಣ್ಣಿನೊಳಗೆ ಕೊಳೆತದ್ದೇ ನಿಜವಾದ ಕಾರಣ. ಆದರೂ ಊರು ಆ ಕತೆಯನ್ನು ಅಳಿಸಿಹಾಕಿಲ್ಲ. ಕೋಟೆಯ ಗೋಡೆಗಳಲ್ಲಿ ರೈತನ ಬೆವರೂ ರಕ್ತವೂ ಇವೆಯೆಂಬುದನ್ನು ಒಪ್ಪಿಕೊಂಡೇ ಅದನ್ನು ಪ್ರೀತಿಸುತ್ತದೆ.

ಇದನ್ನು ಕೇಳಿದಾಗ ನಮ್ಮ ಬಳ್ಳಾರಿಯ ಕತೆಯೇ ನೆನಪಾಯಿತು. ಗುಡ್ಡದ ನೆತ್ತಿಯ ಮೇಲಿನ ಕೋಟೆಯು ವಿಜಯನಗರದ ಸಾಮಂತರಾಗಿದ್ದ ಹಂಡೆ ಹನುಮಪ್ಪನಾಯಕರ ಕಾಲದ್ದು. ಗುಡ್ಡದ ಬುಡವನ್ನು ಬಳಸಿದ ಕೆಳಕೋಟೆಯನ್ನು 18ನೆಯ ಶತಮಾನದಲ್ಲಿ ಹೈದರ್ ಅಲಿಯು ಫ್ರೆಂಚ್ ಶಿಲ್ಪಿಯೊಬ್ಬನ ನೆರವಿನಿಂದ ಕಟ್ಟಿಸಿದನು. ಕಟ್ಟಿ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿದೆಯೆಂದು ಕಂಡು, ಅಲ್ಲಿಂದ ಶತ್ರುವು ಫಿರಂಗಿ ಹಾರಿಸಬಹುದಲ್ಲವೆಂದು ಕೋಪಗೊಂಡು, ಆ ಶಿಲ್ಪಿಯನ್ನು ಹೈದರನು ಗಲ್ಲಿಗೇರಿಸಿದನೆಂದು ಐತಿಹ್ಯವಿದೆ. ಈ ಕತೆಯನ್ನು ಬಳ್ಳಾರಿಯ ಪ್ರತಿಯೊಂದು ಮಗುವೂ ಬಲ್ಲದು. 1800ರಲ್ಲಿ ಈ ಸೀಮೆಯು ನಿಜಾಮನಿಂದ ಇಂಗ್ಲಿಷರ ಕೈಸೇರಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದನು. ಕೋಟೆಯ ಊರು ದಂಡಿನ ಊರಾಯಿತು. ಕೆಳಕೋಟೆಯೊಳಗೆ ಇಂದು ಕಚೇರಿಗಳಿವೆ, ಚರ್ಚಿದೆ, ವಸತಿಗಳಿವೆ. ಮತ್ಸುಮೊತೊದಲ್ಲಿದ್ದಂತೆಯೇ ಶಾಲೆಗಳೂ ಇವೆ.

ಕತೆಯಿದೆ, ಕಲ್ಲಿದೆ, ಶಾಲೆಯೂ ಇದೆ. ಇಲ್ಲದ್ದು ಯಾವುದು? ಊರಿಗೆ ಹಿಂದಿರುಗಿದ ಮೇಲೆ ಒಂದು ಮುಂಜಾನೆ ಮೊಮ್ಮಗನ ಪ್ರಶ್ನೆಯನ್ನು ಹೊತ್ತು ಗುಡ್ಡವನ್ನು ಹತ್ತಿದೆ. ಮೆಟ್ಟಿಲುಗಳ ಅಕ್ಕಪಕ್ಕದಲ್ಲಿ ಒಡೆದ ಬಾಟಲಿಗಳು. ಹಿಂದಿನವರು ಮಳೆಯ ನೀರನ್ನು ಹಿಡಿದಿಡುತ್ತಿದ್ದ ಬಂಡೆಗಳ ನಡುವಿನ ದೊಣೆಗಳಲ್ಲಿ ಪ್ಲಾಸ್ಟಿಕ್ ಚೀಲಗಳು. ಗೋಡೆಗಳ ಮೇಲೆ ನೂರಾರು ಹೆಸರುಗಳು. ಯಾರನ್ನು ದೂರಲಿ? ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನೂ ಮೊಳೆಯೊಂದರಿಂದ ನನ್ನ ಹೆಸರನ್ನು ಮೇಲ್ಕೋಟೆಯ ಗೋಡೆಯಲ್ಲಿ ಕೊರೆದಿದ್ದೆ. ಹುಡುಕಿದೆ, ಅದರ ಮೇಲೆ ಬೇರೆ ಹೆಸರುಗಳು ಏರಿ ಕುಳಿತಿದ್ದವು. ಅಧ್ಯಾಪಕನಾಗಿದ್ದಷ್ಟು ಕಾಲ ಪ್ರತಿ ವರ್ಷವೂ ಮಕ್ಕಳನ್ನು ಹಂಪಿಗೆ ಕರೆದೊಯ್ದಿದ್ದೇನೆ. ಶಾಲೆಯ ಅಂಗಳದಿಂದ ಕಾಣುವ ಈ ಗುಡ್ಡಕ್ಕೆ ಕರೆದೊಯ್ದದ್ದು ಎರಡೇ ಸಲ. ನನ್ನ ಮೊಳೆಯ ಗುರುತಿಗಿಂತ ಈ ಲೋಪವೇ ದೊಡ್ಡದೆಂದು ಈಗ ನನಗೆ ತೋರುತ್ತದೆ. ಮಗುವಿಗೆ ಪರಿಚಯ ಮಾಡಿಕೊಡದ ವಸ್ತುವನ್ನು ಮಗು ಗೌರವಿಸಬೇಕೆಂದು ಬಯಸುವುದು ನ್ಯಾಯವಲ್ಲ.

ನಮ್ಮ ಜನರಿಗೆ ಹಳೆಯದನ್ನು ಕಾಪಾಡುವ ಬುದ್ಧಿಯಿಲ್ಲವೆಂಬ ಮಾತು ಆಗಾಗ ಕೇಳಿಬರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಕುರುಗೋಡಿಗೆ ಹೋಗಿ ನೋಡಬೇಕು. ಸಿಂದ ಅರಸರ ರಾಜಧಾನಿಯಾಗಿದ್ದ ಆ ಊರಿನಲ್ಲಿ ದೊಡ್ಡಬಸವೇಶ್ವರನ ಏಕಶಿಲೆಯ ಮೂರ್ತಿಯನ್ನು ಜನರು ಕಣ್ಣಿನ ರೆಪ್ಪೆಯಂತೆ ಕಾಯ್ದುಕೊಂಡು ಬಂದಿದ್ದಾರೆ. ಅದೇ ಊರಿನ ಬೆಟ್ಟದ ಮೇಲಿನ ಕೋಟೆಯ ಅವಶೇಷಗಳನ್ನು ಕೇಳುವವರು ವಿರಳ. ಬಳ್ಳಾರಿಯಲ್ಲಿಯೂ ಹಾಗೆಯೇ: ಕೋಟೆ ಆಂಜನೇಯನ ಗುಡಿಯು ದಿನವೂ ತೊಳೆದು ಸಾರಿಸಿದಂತಿರುತ್ತದೆ, ಅದರ ಹಿಂದಿನ ಕೋಟೆಯ ಗೋಡೆ ಅನಾಥ. ಪೂಜೆಯುಳ್ಳದ್ದನ್ನು ಕಾಪಾಡುವುದು ನಮಗೆ ಚೆನ್ನಾಗಿ ಗೊತ್ತು. ಪೂಜೆಯಿಲ್ಲದ ಹಳೆಯ ವಸ್ತುವಿನೊಡನೆ ಹೇಗೆ ಬಾಳಬೇಕೆಂಬುದನ್ನು ಮಾತ್ರ ನಾವು ಕಲಿತಿಲ್ಲ. ಮತ್ಸುಮೊತೊದ ಜನರೂ ಕೋಟೆಯನ್ನು ಪೂಜಿಸುವುದಿಲ್ಲ. ವರ್ಷಕ್ಕೊಮ್ಮೆ ಅದರ ಬಳಿ ಬುತ್ತಿ ಬಿಚ್ಚಿ ಕೂರುತ್ತಾರೆ. ಅಷ್ಟು ಸಾಕಾಗಿದೆ. ಕೋಟೆಯ ಬಳಿಗೆ ಬರಲು ಜನರಿಗೊಂದು ನೆವ ಬೇಕು. ಹೂವು ಅವರಿಗೆ ಆ ನೆವವನ್ನು ಒದಗಿಸಿದೆ.

ಈ ಹೂವಿನ ವಿಚಾರದಲ್ಲಿ ನಾನು ತಿಳಿದುಕೊಂಡ ಒಂದು ಸಂಗತಿಯು ಬಹಳ ಮುಖ್ಯವಾದುದು. ಕೋಟೆಗಳಲ್ಲಿ ಕಾಣುವ ಚೆರಿ ಮರಗಳನ್ನು ಅರಸರ ಕಾಲದಿಂದ ಬಂದ ಸಂಪ್ರದಾಯವೆಂದು ನಾವು ಭಾವಿಸುತ್ತೇವೆ. ಅವುಗಳಲ್ಲಿ ಹೆಚ್ಚಿನವು ಕೋಟೆಗಳು ನಿರುಪಯುಕ್ತವಾದ ಮೇಲೆ ಸಾಮಾನ್ಯರು ನೆಟ್ಟವು. ಉತ್ತರ ಜಪಾನಿನ ಹಿರೊಸಾಕಿ ಕೋಟೆಯು ಇಂದು ಸುಮಾರು 2600 ಮರಗಳಿಂದ ಜಗತ್ಪ್ರಸಿದ್ಧವಾಗಿದೆ. 1882ರಲ್ಲಿ ಕಿಕುಚಿ ತಾತೇ ಎಂಬ ಹಿಂದಿನ ಸಾಮುರಾಯಿ ಮನೆತನದವರು, ಪಾಳುಬಿದ್ದ ಆ ಕೋಟೆಯಲ್ಲಿ ಸಾವಿರ ಸಸಿಗಳನ್ನು ನೆಟ್ಟರು. ಕೋಟೆಯನ್ನು ವಿಹಾರಸ್ಥಳ ಮಾಡುವುದು ಅದಕ್ಕೆ ಅವಮಾನವೆಂದು ಸಿಟ್ಟಾದ ಹಳೆಯ ಯೋಧರು ಸಸಿಗಳನ್ನು ಕಿತ್ತೆಸೆದರು. ಆದರೂ ಉಳಿದವು ಉಳಿದವು. ಅಂದು ನೆಟ್ಟ ಮರ ಇಂದಿಗೂ ಅಲ್ಲಿ ಹೂಬಿಡುತ್ತಿದೆ. ಈ ಜಾತಿಯ ಚೆರಿಯು ದೀರ್ಘಾಯುಷಿಯಲ್ಲ; ಸಾಮಾನ್ಯವಾಗಿ 60–80 ವರ್ಷಗಳಲ್ಲಿ ಸೊರಗುತ್ತದೆ. ಹಿರೊಸಾಕಿಯ ಸುತ್ತಲೂ ಸೇಬು ಬೆಳೆಯುವ ರೈತರಿದ್ದಾರೆ. ಸೇಬಿನ ಗಿಡದ ಟೊಂಗೆ ಸವರುವ ಅವರ ವಿದ್ಯೆಯನ್ನೇ ಚೆರಿ ಮರಗಳಿಗೂ ಅನ್ವಯಿಸಿದ್ದರಿಂದ ಅಲ್ಲಿಯ ಮರಗಳು ನೂರು ವರ್ಷ ದಾಟಿಯೂ ಮೈತುಂಬ ಹೂಬಿಡುತ್ತಿವೆ. ನೆಟ್ಟವನ ಕೆಲಸ ಒಂದು ದಿನದ್ದು. ಸವರುವವನ ಕೆಲಸ ತಲೆಮಾರುಗಳದ್ದು.

ಜಪಾನು ಸಿರಿವಂತ ದೇಶ, ಅಲ್ಲಿ ತಂಪು ಹವೆ. ನಮಗೆ ಕುಡಿಯುವ ನೀರು, ಗಣಿಯ ಧೂಳು, ಶಾಲೆಯ ಕೊಠಡಿ ಇವುಗಳ ಚಿಂತೆಯೇ ಹಾಸಿ ಹೊದೆಯುವಷ್ಟಿರುವಾಗ ಕೋಟೆ ಹೂವು ಎಂದರೆ ಹೊಟ್ಟೆ ತುಂಬಿದವರ ಮಾತಲ್ಲವೆ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಇಚಿಕಾವಾ ಅವರು ಕೋಟೆಯನ್ನು ಉಳಿಸಿದಾಗ ಮತ್ಸುಮೊತೊ ಸಿರಿವಂತ ಊರಾಗಿರಲಿಲ್ಲ. 1872ರಲ್ಲಿ ಜಪಾನು ಎಲ್ಲ ಮಕ್ಕಳಿಗೂ ವಿದ್ಯಾಭ್ಯಾಸವೆಂಬ ಶಾಸನವನ್ನು ಹೊರಡಿಸಿತು. ಮರುವರ್ಷ ಆ ಊರಿನ ಕಾಯಿಚಿ ಶಾಲೆಯು ಪಾಳುಬಿದ್ದ ಬೌದ್ಧಾಲಯವೊಂದರಲ್ಲಿ ಆರಂಭವಾಯಿತು. 1876ರಲ್ಲಿ ಅದಕ್ಕೊಂದು ಭವ್ಯ ಕಟ್ಟಡವೆದ್ದಿತು. ವೆಚ್ಚದಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲನ್ನು ಊರಿನ ಜನರೇ ವಂತಿಗೆಯಾಗಿ ಕೊಟ್ಟರು. ಕೋಟೆಗಾಗಿ ಪ್ರದರ್ಶನಗಳು ನಡೆದದ್ದೂ ಶಾಲೆಗಾಗಿ ವಂತಿಗೆ ಎತ್ತಿದ್ದೂ ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ! ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂದು ಅವರು ತಿಳಿಯಲಿಲ್ಲ. ಆ ಕಟ್ಟಡದಲ್ಲಿ 1963ರವರೆಗೂ ಪಾಠಗಳು ನಡೆದವು. 2019ರಲ್ಲಿ ಅದನ್ನು ರಾಷ್ಟ್ರೀಯ ನಿಧಿಯೆಂದು ಸಾರಿದರು. ನಾವು ಹೋದಾಗ ಭೂಕಂಪಕ್ಕೆ ಜಗ್ಗದಂತೆ ಬಲಪಡಿಸುವ ಕೆಲಸಕ್ಕಾಗಿ ಅದನ್ನು ಮುಚ್ಚಿದ್ದರು. ಬೇಲಿಯ ಹೊರಗೆ ನಿಂತು ನೋಡಿ ಬಂದೆವು. ಅದೇ ವರ್ಷದ ನವೆಂಬರಿನಲ್ಲಿ ಮತ್ತೆ ತೆರೆದರೆಂದು ಮಗನು ತಿಳಿಸಿದನು.

ದಾನದ ಮಹಿಮೆಯನ್ನು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಹಿಡಿ ಜೋಳದಿಂದ ವಿದ್ಯಾರ್ಥಿನಿಲಯಗಳು ನಡೆದ ನಾಡು ಇದು. ದಾಸೋಹವೆಂಬ ಮಾತಿನ ಅರ್ಥವನ್ನು ಉಂಡು ಬಲ್ಲವರು ನಾವು. 1898ರಲ್ಲಿ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಅಲ್ಲಿಯ ಶಿಕ್ಷಣವನ್ನೂ ಕೈಗಾರಿಕೆಯನ್ನೂ ಕಂಡು ಬಂದರು. ಅಂದಿನಿಂದಲೂ ನಾವು ಜಪಾನಿನಿಂದ ಯಂತ್ರವನ್ನು ಕಲಿಯಬೇಕೆಂದು ಹೇಳುತ್ತ ಬಂದಿದ್ದೇವೆ. ಊರಿನ ಹಳೆಯ ವಸ್ತುವು ಊರಿನ ಶಾಲೆಯ ಜವಾಬ್ದಾರಿಯೂ ಹೌದೆಂಬ ಪಾಠವನ್ನೂ ಅಲ್ಲಿಂದ ಕಲಿಯಬಹುದು.

ಹಾಗಾದರೆ ಬಳ್ಳಾರಿಯಲ್ಲಿ ಚೆರಿ ನೆಡೋಣವೆ? ಖಂಡಿತ ಕೂಡದು. ಏಪ್ರಿಲಿನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ, ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಕಾಣುವ ಈ ನೆಲದಲ್ಲಿ ಅದು ಬದುಕದು. ಬೆಂಗಳೂರಿನಲ್ಲಿ 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು, ವರ್ಷದ ಒಂದೊಂದು ಕಾಲದಲ್ಲಿ ಒಂದೊಂದು ಬೀದಿ ಹೂಬಿಡುವಂತೆ ಮರಗಳನ್ನು ಆರಿಸಿ ನೆಡಿಸಿದರು. ಅಲ್ಲಿಯ ಗುಲಾಬಿ ಬಣ್ಣದ ತಬೆಬುಯಾ ಮರಗಳನ್ನು ಪತ್ರಿಕೆಗಳು ಬೆಂಗಳೂರಿನ ಚೆರಿ ಎಂದು ಕೊಂಡಾಡುತ್ತವೆ. ಆ ಊರಿನ ಹವೆಗೆ ಅದು ಒಗ್ಗಿತು. ನಮ್ಮ ಹವೆಗೆ ನಮ್ಮದೇ ಮರವಿದೆ.

ಮೊಮ್ಮಗನ ಪ್ರಶ್ನೆಗೆ ಉತ್ತರ ದೊರೆತದ್ದು ಮರುವರ್ಷದ ಯುಗಾದಿಯ ಹೊತ್ತಿಗೆ. ಕೆಳಕೋಟೆಯ ಹಾದಿಯಲ್ಲಿ ನಸುಕಿನಲ್ಲಿ ನಡೆಯುವಾಗ ಜೇನಿನಂಥ ಪರಿಮಳವೊಂದು ತೇಲಿಬಂದಿತು. ತಲೆಯೆತ್ತಿದರೆ ಬೇವಿನ ಮರ! ಎಳೆಯ ತಾಮ್ರವರ್ಣದ ಚಿಗುರಿನ ನಡುವೆ ಅಕ್ಕಿಯ ನುಚ್ಚಿನಂಥ ಬಿಳಿಯ ಹೂಗೊಂಚಲುಗಳು. ನೆಲದ ಮೇಲೆಯೂ ಅದೇ ಬಿಳುಪು. ಜಪಾನಿನಲ್ಲಿ ಚೆರಿ ಅರಳುವ ವಾರಗಳಲ್ಲಿಯೇ ಬಳ್ಳಾರಿಯಲ್ಲಿ ಬೇವು ಅರಳುತ್ತದೆ. ಚೆರಿಯು ಕಣ್ಣಿಗೆ ಹಬ್ಬವಾಗಿ ಒಂದು ವಾರದಲ್ಲಿ ಉದುರಿಹೋಗುತ್ತದೆ. ಬೇವು ದೂರದಿಂದ ಕಾಣಿಸದು. ಹತ್ತಿರ ಬಂದವನಿಗೆ ಪರಿಮಳ ಕೊಡುತ್ತದೆ, ಬೆಲ್ಲದೊಡನೆ ನಾಲಗೆಗೆ ಕಹಿ ಕೊಡುತ್ತದೆ, ಆಮೇಲೆ ಮೂರು ತಿಂಗಳು ನೆರಳು ಕೊಡುತ್ತದೆ. ಹೊಸ ವರ್ಷವನ್ನು ಹೂವಿನಿಂದಲೇ ಆರಂಭಿಸುವ ಸಂಪ್ರದಾಯ ನಮ್ಮಲ್ಲಿಯೂ ಇದೆ. ಅದನ್ನು ಅಡುಗೆಮನೆಯೊಳಗೆ ಮುಗಿಸಿಬಿಡುತ್ತೇವೆ.

ಆದುದರಿಂದ ಮೂರು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಮೊದಲನೆಯದು, ಕೋಟೆಯ ಸುತ್ತಲಿನ ಬೀದಿಗಳಲ್ಲಿಯೂ ಶಾಲೆಗಳ ಅಂಗಳಗಳಲ್ಲಿಯೂ ಬೇವು ಹೊಂಗೆಗಳನ್ನು ಸಾಲಾಗಿ ಬೆಳೆಸುವುದು. ಕೋಟೆಯ ಗೋಡೆಗಳಿಗೆ ತಾಗಿ ನೆಡಬಾರದು. ಬೇರುಗಳು ಕಲ್ಲುಕಟ್ಟಡವನ್ನು ಸೀಳುತ್ತವೆ. ಸಂರಕ್ಷಿತ ಸ್ಮಾರಕದ ಬಳಿ ಏನು ಮಾಡುವುದಿದ್ದರೂ ಸಂಬಂಧಿಸಿದವರ ಅನುಮತಿ ಪಡೆದೇ ಮಾಡತಕ್ಕದ್ದು. ನೆಟ್ಟ ದಿನದ ಛಾಯಾಚಿತ್ರಕ್ಕಿಂತ ಮೊದಲ ಮೂರು ಬೇಸಗೆಗಳ ನೀರು ಮುಖ್ಯ. ದಾನಿಗಳು ಸಸಿಗೆ ಹಣ ಕೊಡುವ ಬದಲು ನೀರು ಹಾಕುವವನ ಕೂಲಿಗೆ ಹಣ ಕೊಟ್ಟರೆ ಅದು ನಿಜವಾದ ದಾನವಾದೀತು.

ಎರಡನೆಯದು, ಯುಗಾದಿ ಕಳೆದ ಮೊದಲ ಭಾನುವಾರ ಬಿಸಿಲೇರುವ ಮುನ್ನ ಮಕ್ಕಳು, ಪಾಲಕರು, ಹಳೆಯ ವಿದ್ಯಾರ್ಥಿಗಳು ಒಟ್ಟಾಗಿ ಗುಡ್ಡ ಹತ್ತುವುದು. ಹನುಮಪ್ಪನಾಯಕರ ಕತೆ, ಹೈದರನ ಕತೆ, ಆ ಶಿಲ್ಪಿಯ ಕತೆ ಅಲ್ಲಿಯೇ ಹೇಳಲ್ಪಡಲಿ. ಹಿಂದಿರುಗುವಾಗ ಪ್ರತಿಯೊಬ್ಬರೂ ಒಂದು ಚೀಲದಷ್ಟು ಕಸವನ್ನು ಇಳಿಸಿಕೊಂಡು ಬರಲಿ. ಹೆಸರು ಕೆತ್ತಿದವರ ಪೈಕಿ ಬದುಕಿರುವ ನನ್ನಂಥವರು ಮುಂದಾಗಿ ಬರಲಿ.

ಮೂರನೆಯದಕ್ಕೆ ಒಂದು ನೋಟುಬುಕ್ಕು ಸಾಕು. ಜಪಾನಿನ ಕ್ಯೋತೋ ನಗರದಲ್ಲಿ ಚೆರಿಯು ಪೂರ್ಣವಾಗಿ ಅರಳಿದ ದಿನಗಳ ದಾಖಲೆಯು 9ನೆಯ ಶತಮಾನದಿಂದ ದೊರೆಯುತ್ತದೆ. ದಿನಚರಿ ಬರೆದಿಟ್ಟವರಿಗೆ ಅದರ ಉಪಯೋಗ ತಿಳಿದಿರಲಿಲ್ಲ. 2021ರಲ್ಲಿ ಮಾರ್ಚ್ 26ರಂದೇ ಹೂವು ಪೂರ್ಣವಾಗಿ ಅರಳಿದಾಗ, 1200 ವರ್ಷಗಳಲ್ಲಿ ಇಷ್ಟು ಬೇಗ ಅರಳಿದ್ದು ಇದೇ ಮೊದಲೆಂದು ಆ ದಾಖಲೆಗಳಿಂದ ಹೇಳಲು ಸಾಧ್ಯವಾಯಿತು. ಭೂಮಿಯ ತಾಪವೇರುತ್ತಿರುವುದಕ್ಕೆ ಅದೊಂದು ಸಾಕ್ಷಿಯಾಯಿತು. ನಮ್ಮ ಬೇವು ಬಳ್ಳಾರಿಯಲ್ಲಿ ಐವತ್ತು ವರ್ಷದ ಹಿಂದೆ ಯಾವ ದಿನ ಅರಳುತ್ತಿತ್ತು? ಶಾಲೆಯ ಅಂಗಳದ ಒಂದು ಮರವನ್ನು ಗುರುತಿಸಿ, ಮೊದಲ ಹೂವು ಕಂಡ ದಿನವನ್ನು ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯು ಬರೆದು ಹೆಸರು ಹಾಕಲಿ. ಗೋಡೆಯ ಮೇಲೆ ಕೊರೆಯುವ ಹೆಸರಿಗಿಂತ ಆ ಪುಸ್ತಕದ ಹೆಸರು ಹೆಚ್ಚು ಕಾಲ ಬಾಳುತ್ತದೆ.

ಕಳೆದ ಬಾರಿ ಮೊಮ್ಮಗನು ದೂರವಾಣಿಯಲ್ಲಿ ಮಾತನಾಡಿದಾಗ ನಾನಾಗಿಯೇ ಹೇಳಿದೆ: “ಮಗೂ, ನಮ್ಮ ಕೋಟೆಯಲ್ಲಿ ಬೇವಿನ ಹೂವು ಬಿಡುತ್ತದಪ್ಪ.” ಆತನು ಕೂಡಲೇ ಕೇಳಿದನು: “ನೋಡೋದಕ್ಕೆ ಬಹಳ ಜನ ಬರುತ್ತಾರಾ, ತಾತಾ?”

ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ನನ್ನೊಬ್ಬನಿಂದ ಆಗದು. ಬರುವ ಯುಗಾದಿಯಲ್ಲಿ ತಾವೆಲ್ಲರೂ ಆ ಉತ್ತರವನ್ನು ನನ್ನೊಡನೆ ಕೂಡಿ ಬರೆಯುವಿರೆಂದು ಆಶಿಸಿ ವಿರಮಿಸುತ್ತೇನೆ.